ಗುಳಿಗೆ ಚೀಲ

ಲ್ಯಾಬಿನ ಲಲಿತಾಬಾಯಿ ಗಾಜಿನ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಶಾಲುಬಾಯಿಯ ಜೀವವೆಲ್ಲ ತನ್ನೂರು ಔರಾದದಲ್ಲಿತ್ತು. ಕಬ್ಬು ಕಡಿಯಲು ಹೊರಟ ಕೂಲಿಯವರ ಟೋಳಿಯ ಲಾರಿ ಸಂಜೆ ಅಲ್ಲಿಂದ ಬಿಡುತ್ತದೆ. ಗಂಟುಮೂಟೆ ನಿನ್ನೆಯೇ ಏರಿಸಿಯಾಗಿದೆ. ಗಂಡ ಮಾಣಿಕ ಮಾತ್ರ ಕಬ್ಬು ಕಡಿಯುವ ಕೊಯ್ತಾ ತಾಗಿ ಬಾತ ಕಾಲು ಚಾಚಿ ಬೀದರಿನ ಈ ಆಸ್ಪತ್ರೆಯಲ್ಲಿ ಬಿದ್ದಿದ್ದಾನೆ.

"ನಿಮ್ಮ ಗಂಡನ ಕಾಲಿನ ಕೀವಿನಾಗಿನ ಬ್ಯಾಕ್ಟೀರಿಯಾ ಇದರಾಗ ಬೆಳಸೇವಿ. ಈ ಎರಡು ದುಂಡನ ಬಿಲ್ಲಿ ಅಂದ್ರ ಎರಡು ಔಷಧಿ," ಎಂದಳು ಲಲಿತಾಬಾಯಿ. "ಬಲಗಡಿ ಬಿಲ್ಲಿ ಸುತ್ತ ಬ್ಯಾಕ್ಟೀರಿಯಾ ಸತ್ತಾವ. ಆದ್ರ ಅದರ ಸುತ್ತ ಎಡಗಡಿ ಬಿಲ್ಲಿ ಇರೋ ಬಾಜು ಮಾತ್ರ ಬದುಕ್ಯಾವ, ನೋಡ್ರಿ."

"ಯಾಕ್ರಿ?"

"ಔಷಧಿ ತಡಕೊಳ್ಳೋ ಜೀನ್ ಅವುಗಳೊಳಗ ಸುಮ್ನ ಮಲಗಿರ್ತದ. ಎಡಗಡಿ ಔಷಧಿ ಸ್ವಲ್ಪ ತಾಗಿದ್ರ ಸಾಕು, ಅದನ್ನ ಎಬ್ಬಿಸ್ಕೊಳ್ತಾವ. ಆಮ್ಯಾಲ ಬಲಗಡಿದಕ್ಕೂ ಸಾಯಲ್ಲ. ಮನ್ಯಾಗ ಗುಳಿಗಿ ಏನರೆ ಕೊಟ್ಟಿದ್ರೇನು?"

ಶಾಲುಬಾಯಿಗೆ ತನ್ನ ಗುಳಿಗೆ ಚೀಲ ನೆನಪಾಯಿತು. ಟೋಳಿಯಲ್ಲಿ ಯಾರ ಮನೆಯಲ್ಲಿ ಗುಳಿಗೆ ಉಳಿದರೂ ಅವಳ ಚೀಲ ಸೇರುತ್ತಿತ್ತು. ಕಬ್ಬಿನ ಹೊಲಕ್ಕೆ ಡಾಕ್ಟರು ಎಲ್ಲಿಂದ ಬರಬೇಕು? ಜ್ವರವೋ ಗಾಯವೋ, ಬಣ್ಣ ನೋಡಿ ಅರ್ಧ ಮುರಿದು ಕೊಡುವವಳು ಅವಳೇ. ಟೋಳಿಯ ಯಜಮಾನ ಮುಕಾದಮನ ಹೆಂಡತಿಗೂ ಇಲ್ಲದ ಮರ್ಯಾದೆ ಅವಳಿಗಿತ್ತು, ಅದರ ಜಂಬವೂ ಇತ್ತೆನ್ನಿ.

"ಅರ್ಧರ್ಧ ಕೊಟ್ಟೇನ್ರಿ. ಉರಿ ಕಮ್ಮಿ ಆದಕೂಡ್ಲೆ ಬಿಡಸ್ದೆ."

"ಈಗ ಬ್ಯಾರೆ ಇಂಜೆಕ್ಷನ್ ಬೇಕು, ಇಲ್ಲೇ ಇರಬೇಕು. ಇಲ್ಲಂದ್ರ ಕಾಲು ಉಳಿಯಲ್ಲ."

ಮಾಣಿಕ ಕೇಳಲು ತಯಾರಿಲ್ಲ. "ಲಾರಿ ಹೋತಂದ್ರ ಊರಾಗ ಏನು ಮಾಡ್ತಿ? ಕುಡಿಯಾಕ ನೀರಿಲ್ಲ. ನಡಿ!" ಎಂದು ಕಾಲೂರಲು ಹೋಗಿ ಕುಸಿದ. ಅವನನ್ನು ಮಂಚಕ್ಕೆ ಹತ್ತಿಸಿದ ಮೇಲೆ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ವರಾಂಡಕ್ಕೆ ಹೋದಳು, ಬಂದಳು, ಮತ್ತೆ ಹೋದಳು. ಕತ್ತಲಾದ ಮೇಲೆ ಮನಸ್ಸು ಗಟ್ಟಿ ಮಾಡಿ ಮುಕಾದಮ ಹಾವಗೆಪ್ಪನಿಗೆ ಫೋನು ಹಚ್ಚಿದಳು.

"ನಾವು ಬರಲ್ರಿ. ನನ್ನ ಗಂಟಿನಾಗ ಗುಳಿಗಿ ಚೀಲ ಅದ, ಯಾರಿಗೂ ಕೊಡಬ್ಯಾಡ್ರಿ. ಕಾಲಿಗಿ ಬೀಳ್ತೇನಿ."

"ನಿಮ್ಮ ಹಾದಿ ನೋಡಿ ನೋಡಿ ಲಾರಿ ಬಿಟ್ಟೇವಿ ಬಾಯಿ, ಭಾಲ್ಕಿ ದಾಟ್ಯದ. ಚೀಲ ಆಗಳೇ ಬಿಚ್ಚೇವಿ. ಕಾಂತಾಬಾಯಿ ಕೂಸಿನ ಕಿವಿ ಸೋರತಿತ್ತು. ನೀ ಕೊಡೋ ಹಾಂಗೇ ಅರ್ಧ ಮುರಿದು ಕುಡಿಸ್ಯಾಳ. ಈಗ ಅಳು ನಿಂತದ. ನೀ ಏನೂ ಚಿಂತಿ ಮಾಡಬ್ಯಾಡ."

ಫೋನಿನ ತುಂಬ ಗಾಳಿಯ ಸದ್ದು. "ಮುಕಾದಮ್ರೇ!" ಎಂದು ಅವಳು ಕೂಗಿದಳು. ವರಾಂಡದಲ್ಲಿ ಕೂತವರೆಲ್ಲ ತಿರುಗಿ ನೋಡಿದರು.