ಹವ್ವ ಬೈದದ್ದು ಯಾರನ್ನು?

ನವ್ಯಾ ಎಂಥ ಗಟ್ಟಿಗಿತ್ತಿ ಅಂತೀರಿ! ಕೈತುಂಬ ಸಂಬಳದ ಐಟಿ ಕೆಲಸಕ್ಕೆ ರಜೆ ಹಾಕಿ ಹಳೇ ಇಟಾಲಿಯನ್ ಕಲಿತವಳು. ನಾನೂರೈವತ್ತು ವರ್ಷಗಳ ಹಿಂದೆ ಕನ್ಯಾಮಠವೊಂದರಲ್ಲಿ ಕೂತು ಒಬ್ಬ ಸನ್ಯಾಸಿನಿ ಬರೆದ ಕಾವ್ಯ ಅವಳ ತಲೆ ಹೊಕ್ಕಿತ್ತು. ಅದರಲ್ಲಿ ಬೈಬಲ್ಲಿನ ಹವ್ವ, ತೋಟದಿಂದ ಹೊರಬಿದ್ದ ಮೇಲೆ, ದೇವರನ್ನೇ ತರಾಟೆಗೆ ತೆಗೆದುಕೊಳ್ಳುತ್ತಾಳೆ.

ಇವತ್ತು ಕಾರ್ಕ್‌ ನಗರದ ವಿಶ್ವವಿದ್ಯಾಲಯದಲ್ಲಿ ಮೂವರು ಪರೀಕ್ಷಕರ ಮುಂದೆ ಮಾತಾಡಬೇಕಿತ್ತು. ಒಪ್ಪಿದರೆ ಪಿಎಚ್.ಡಿ. ಸೀಟು, ಇಲ್ಲದಿದ್ದರೆ ಮತ್ತೆ ಲಿಟಲ್ ಐಲ್ಯಾಂಡಿನ ಐಟಿ ಆಫೀಸು. ಬ್ಯಾಲಿನ್‌ಕೊಲಿಗ್‌ನ ಮಗಳ ಮನೆಯಲ್ಲಿ ಒಬ್ಬಳೇ ಕೂರಲಾರೆ ಎಂದು ಹಟ ಹಿಡಿದು ಬಂದಿದ್ದ ತಾಯಿ ತುಂಗಮ್ಮ, ಇಂಗ್ಲಿಷ್ ಬಾರದಿದ್ದರೂ, ಹಿಂದಿನ ಬೆಂಚಿನಲ್ಲಿ ಶಾಲು ಹೊದ್ದು ಕೂತಿದ್ದರು.

"ಈ ಕವಯಿತ್ರಿಗೆ ನಂಬಿಕೆಯೇ ಸತ್ತಿತ್ತು ಅಂತ ನಾವೆಲ್ಲ ಒಪ್ಪಿದ್ದೇವೆ. ನೀವೊಬ್ಬರೇ ಆಕೆ ಪರಮ ಭಕ್ತೆ ಅನ್ನುತ್ತೀರಿ. ಕ್ರೈಸ್ತರೂ ಅಲ್ಲದ ನೀವು ಯಾವ ಧೈರ್ಯದ ಮೇಲೆ ಹೇಳುತ್ತೀರಿ?" ಎಂದರು ಹಿರಿಯ ಪರೀಕ್ಷಕಿ.

ನವ್ಯಾಳಿಗೆ ರೇಗಿತು. ಪರೀಕ್ಷೆಯೆಂಬುದನ್ನೂ ಮರೆತು ಹಿಂದಕ್ಕೆ ತಿರುಗಿದಳು. "ಅಮ್ಮಾ, ಬೆಳಿಗ್ಗೆ ವೆಂಕಟರಮಣಂಗೆ ಏನಂತ ಬೈದೆ?"

"ಬೈಯದೆ ಬಿಡ್ತೀನಾ? ಮಗು ನಿದ್ದೆಗೆಟ್ಟು ಓದ್ತಾ ಐತೆ, ಕಣ್ಣು ಕಾಣಲ್ವೇನೋ ನಿಂಗೆ ಅಂದೆ. ಆಮೇಲೆ ಹೂ ಏರಿಸ್ದೆ. ಯಾಕೇ?"

ನವ್ಯಾ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. "ನಮ್ಮಲ್ಲಿ ದೇವರನ್ನು ಬೈದು ಹಾಡುವುದೂ ಭಕ್ತಿಯೇ. ಬೈಯಬೇಕಾದರೆ ಅವನು ಎದುರಿಗೇ ಇದ್ದಾನೆ ಅಂತ ನಂಬಿರಬೇಕು. ನಂಬಿಕೆ ಸತ್ತವಳು ಸುಮ್ಮನಾಗುತ್ತಿದ್ದಳು. ಹವ್ವ ಪ್ರತಿ ಬೈಗುಳದ ಕೊನೆಗೂ 'ನನ್ನೊಡೆಯ' ಅನ್ನುತ್ತಾಳೆ, ನೋಡಿ."

"ಅದು ವ್ಯಂಗ್ಯ ಅಂದುಕೊಂಡಿದ್ದೆವು," ಎಂದರು ಪರೀಕ್ಷಕಿ. ಪುಟ ತಿರುವಿ ತಿರುವಿ ನೋಡಿದರು. ಉಳಿದಿಬ್ಬರ ಜೊತೆ ಪಿಸುಗುಟ್ಟಿದರು.

"ಗ್ರ್ಯಾಂಡ್! ಭೇಷ್, ಸೀಟು ನಿಮ್ಮದು," ಎಂದರು ಹಿರಿಯ ಪರೀಕ್ಷಕಿ. "ಇಂಥ ಭಕ್ತಿಗೆ ನಿಮ್ಮಲ್ಲಿ ಹೆಸರಿದೆಯೇ? ಬೋರ್ಡಿನ ಮೇಲೆ ನಿಮ್ಮ ಲಿಪಿಯಲ್ಲೇ ಬರೆಯಿರಿ. ಪ್ರಬಂಧಕ್ಕೂ ಅದೇ ಹೆಸರಿರಲಿ."

ನವ್ಯಾ ದಪ್ಪ ಅಕ್ಷರದಲ್ಲಿ ಬರೆದಳು. ಬೆಳಗಿನಿಂದ ಬರೀ ಪರಕೀಯ ಅಕ್ಷರಗಳನ್ನೇ ನೋಡುತ್ತ ಕೂತಿದ್ದ ತುಂಗಮ್ಮ ಎದ್ದು ನಿಂತು ಗಟ್ಟಿಯಾಗಿ ಓದಿದರು: "ನಿಂದಾಸ್ತುತಿ!"

ಮೂವರು ಪರೀಕ್ಷಕರೂ ತಿರುಗಿ, ತೊದಲುತ್ತ, ಅವರು ಹೇಳಿದಂತೆಯೇ ಹೇಳಲು ನೋಡಿದರು.

"ಹಂಗಲ್ಲ," ಎಂದರು ತುಂಗಮ್ಮ. "ಇನ್ನೊಂದ್ಸಲ ಹೇಳಿ."