ಮೂವತ್ತೊಂದನೇ ನಂಬರ್

ಪಿಯುಸಿ ಎರಡನೇ ವರ್ಷದ ಪರೀಕ್ಷೆಗೆ ಕೂರಲು ಉಜ್ಮಾಳಿಗೆ ಹಾಜರಿ ಸಾಲಲಿಲ್ಲ.

ಗಣಿತದಲ್ಲಿ ಮುಂದಿದ್ದ ಅವಳನ್ನು ಪ್ರಾಚಾರ್ಯರೇ ಧಾರವಾಡದ ಡಿಗ್ರಿ ಕಾಲೇಜಿನ ಬಿಎಸ್ಸಿ ತರಗತಿಗೆ ಕಳಿಸಿದ್ದರು. ಅಲ್ಲಿಯ ಹಾಜರಿ ತಂದರೆ ಇಲ್ಲಿಯೂ ಲೆಕ್ಕಕ್ಕೆ ಹಿಡಿಯುತ್ತೇವೆ ಎಂದಿದ್ದರು. ಮಧ್ಯಾಹ್ನದ ಪಾಠ ಬಿಟ್ಟು ಅವಳು ಹುಬ್ಬಳ್ಳಿಯಿಂದ ಧಾರವಾಡಕ್ಕೆ ಬಸ್ಸಿನಲ್ಲಿ ನಿಂತೇ ಹೋಗುತ್ತಿದ್ದಳು. ಅಲ್ಲಿ ಹಾಜರಿ ಕೂಗುವಾಗ ಮೂವತ್ತೊಂದನೇ ನಂಬರಿಗೆ ಯಾರೂ ಏಳುತ್ತಿರಲಿಲ್ಲ. ಖಾಲಿ ನಂಬರನ್ನು ತನಗೇ ಕೊಟ್ಟಿದ್ದಾರೆ ಎಂದುಕೊಂಡು ಅವಳು ದಿನವೂ ಎದ್ದು "ಎಸ್ ಸರ್" ಅನ್ನುತ್ತಿದ್ದಳು.

ಫೆಬ್ರವರಿಯಲ್ಲಿ ಪಿಯು ಕಾಲೇಜಿನ ಗುಮಾಸ್ತ ಕುಬೇರಪ್ಪ ಧಾರವಾಡಕ್ಕೆ ಫೋನ್ ಮಾಡಿ ವಿಚಾರಿಸಿ, ಎದುರು ನಿಂತಿದ್ದ ಉಜ್ಮಾಳ ಕಡೆ ತಿರುಗಿದರು.

"ಅಲ್ಲವ್ವಾ, ಮೂವತ್ತೊಂದು ಸೌಮ್ಯಾ ಅನ್ನಾಕಿದಂತ. ಆಕಿ ಮೊದಲನೇ ವಾರದಾಗ ಲಗ್ನಾಗಿ ಕಾಲೇಜ್ ಬಿಟ್ಟಾಳ. ಗಂಡನ ಮನ್ಯಾಗ ಕುಂತು ನಿನಗಿಂತ ಛಲೋ ಹಾಜರಿ ಮಾಡ್ಯಾಳ ನೋಡು!"

"ಖರೇನ ನಾ ದಿನಾ ಹೋಗೇನ್ರಿ ಸರ್. ಬೇಕಾದ್ರ ಅಲ್ಲಿ ಕಲಿಸಿದ್ದು ಕೇಳ್ರಿ, ಎಲ್ಲಾ ಬರತೈತ್ರಿ."

"ಬರಲಿ ಬಿಡವ್ವಾ. ರಿಜಿಸ್ಟರ್‌ನಾಗ ನಿನ್ನ ಹೆಸರಿಲ್ಲ. ಪ್ರಾಚಾರ್ಯರು ಸಹಿ ಎಲ್ಲಿ ಹಾಕಬೇಕು?"

ಉಜ್ಮಾ ಆಫೀಸಿನ ಬೆಂಚಿನ ಮೇಲೆ ಕೂತು ಡಿಗ್ರಿಯ ನೋಟ್‌ಬುಕ್ ತೆರೆದಳು. ಲೆಕ್ಕಗಳೆಲ್ಲ ಸರಿಯಾಗಿಯೇ ಇದ್ದವು. ಹೋದದ್ದು ಎಂಬತ್ತಾರು ಮಧ್ಯಾಹ್ನ, ಒಂದು ಪರೀಕ್ಷೆ, ಒಂದು ವರ್ಷ.