ಗಾಳಿ ತಗುಲಿದ ತುಂಡು

ಕೆಂಗೇರಿಯ ದನದ ಆಸ್ಪತ್ರೆಗೆ ಡಾಕ್ಟರಾಗಿ ಬಂದು ಏಕಾಂತಯ್ಯನಿಗೆ ಇನ್ನೂ ವರ್ಷ ತುಂಬಿರಲಿಲ್ಲ. ದಾವಣಗೆರೆ ಕಡೆಯವನು, ಮದರಾಸಿನಲ್ಲಿ ಓದಿದವನು. ಕೆಲಸದಲ್ಲಿ ಸೋಮಾರಿಯಲ್ಲ, ಅದನ್ನು ಅವನನ್ನು ಇಷ್ಟಪಡದವರೂ ಒಪ್ಪುತ್ತಿದ್ದರು. ಐವತ್ತೈದನೆಯ ಇಸವಿಯ ವೈಶಾಖದಲ್ಲಿ, ಮೊದಲ ಮಳೆ ಬಿದ್ದ ವಾರದಲ್ಲಿ, ಅವನು ರಾಜಾಜಿನಗರಕ್ಕೆ ಹೆಣ್ಣು ನೋಡಲು ಹೊರಟಿದ್ದ. ಬಿಳಿ ಪ್ಯಾಂಟು, ಅಗಸನಿಂದ ಆಗಷ್ಟೇ ಬಂದ ಶರ್ಟು. ಸೈಕಲ್ಲು ಹತ್ತುವ ಹೊತ್ತಿಗೆ ಮೂಡಲಪಾಳ್ಯದಿಂದ ಒಬ್ಬ ಆಳು ಓಡಿಬಂದ. ಬೈರಪ್ಪನ ಹೋರಿಗರು ಬೆಳಿಗ್ಗೆ ಸತ್ತಿದೆ, ಊರಲ್ಲಿ ಗಲಾಟೆ ಎದ್ದಿದೆ, ಡಾಕ್ಟರು ಬಂದು ನೋಡಬೇಕಂತೆ.

ಮೂಡಲಪಾಳ್ಯ ಹೇಗೂ ದಾರಿಯಲ್ಲೇ. ನೋಡಿಕೊಂಡೇ ಹೋದರಾಯಿತು ಎಂದುಕೊಂಡು ಏಕಾಂತಯ್ಯ ಚಾಕು, ಬಾಟಲಿಗಳಿದ್ದ ಚೀಲವನ್ನು ಹ್ಯಾಂಡಲಿಗೆ ನೇತುಹಾಕಿಕೊಂಡ.

ಗಲಾಟೆಯ ಕಾರಣ ಅಲ್ಲಿಗೆ ಹೋದ ಮೇಲೆ ತಿಳಿಯಿತು. ಹಿಂದಿನ ದಿನ ಆ ಕರು ಪಕ್ಕದ ಪಾಪಮ್ಮನ ದಂಟಿನ ಸೊಪ್ಪಿನ ಮಡಿಗೆ ನುಗ್ಗಿತ್ತು. ಪಾಪಮ್ಮ ಗಂಡ ಸತ್ತ ಹೆಂಗಸು. ಒಂದು ಹಸು, ಅದರ ಹೆಣ್ಣುಗರು, ಬಾವಿಯ ಪಕ್ಕದ ನಾಲ್ಕು ಮಡಿ ಸೊಪ್ಪು ಇಷ್ಟರಲ್ಲೇ ಬದುಕು. ದಿನಾ ಹಾಲು ಹೊತ್ತುಕೊಂಡು ಹೋಗಿ ರಾಜಾಜಿನಗರದ ಕಾರ್ಖಾನೆಯವರ ಹೊಸ ಮನೆಗಳಿಗೆ ಹಾಕಿ ಬರುತ್ತಿದ್ದಳು. ಸೊಪ್ಪು ತುಳಿದ ಕರುವಿಗೆ ಕೋಲಿನಿಂದ ಒಂದೇಟು ಬಿಟ್ಟು, ಬಾಯಿಗೆ ಬಂದ ಹಾಗೆ ಬೈದಿದ್ದಳು. ಸಂಜೆಗೆ ಕರು ಕುಂಟತೊಡಗಿತು, ತೊಡೆ ಊದಿತು, ಬೆಳಗಾಗುವುದರೊಳಗೆ ಕಾಲು ಚಾಚಿತು.

"ಹೊಡ್ದು ಸಾಯ್ಸವ್ಳೆ ಸಾಮಿ," ಎಂದ ಬೈರಪ್ಪ. "ಏಟು ಬಿದ್ದ ತೊಡೇನೇ ಊದಿರೋದು, ನೋಡ್ಕಳಿ."

"ಒಂದೇಟು ಕಣಪ್ಪ, ಅದೂ ಬಾರುಗೋಲಲ್ಲಿ," ಎಂದಳು ಪಾಪಮ್ಮ. ಅವಳು ಬೇಲಿಯ ಆಚೆಗೇ ನಿಂತಿದ್ದಳು. "ಅಷ್ಟಕ್ಕೆ ಹೋರಿಗರು ಸಾಯ್ತದಾ? ನೀವೇ ಹೇಳಿ ಡಾಕ್ಟ್ರೇ."

ಏಕಾಂತಯ್ಯ ಬಗ್ಗಿ ಊದಿದ ತೊಡೆಯ ಮೇಲೆ ಕೈಯಿಟ್ಟು ಒತ್ತಿದ. ಚರ್ಮದಡಿಯಲ್ಲಿ ಒಣ ತರಗೆಲೆ ತುಳಿದ ಹಾಗೆ ಚರಚರ ಎಂದಿತು. ಆ ಕ್ಷಣಕ್ಕೇ ಅವನಿಗೆ ಗೊತ್ತಾಯಿತು: ಇದು ಚಪ್ಪೆ ರೋಗ. ಮಣ್ಣಿನಲ್ಲಿ ವರ್ಷಗಟ್ಟಲೆ ಅಡಗಿದ್ದು, ಮಳೆ ಬಿದ್ದಾಗ ಮೇವಿನ ಜೊತೆ ಹೊಟ್ಟೆ ಸೇರಿ, ಎಳೆಯ ದನದ ಮಾಂಸಖಂಡದಲ್ಲಿ ಗುಳ್ಳೆ ಎಬ್ಬಿಸಿ ಕೊಲ್ಲುವ ಕ್ರಿಮಿ. ಕೋಲಿನ ಏಟು ನೆಪವಾಗಿರಬಹುದು, ಕಾರಣವಲ್ಲ.

"ಇದು ಚಪ್ಪೆ ಇದ್ದಂಗಿದೆ," ಎಂದ.

"ಚಪ್ಪೆ ಬಂದ್ರೆ ನಾಲ್ಕೈದು ಹೋಯ್ತವೆ. ಇದೊಂದೇ ಯಾಕೆ ಹೋಯ್ತು?" ಎಂದು ಊರಿನ ಹಿರಿಯ ಮುನಿಯಪ್ಪ ಕೇಳಿದ. ಅವನ ಮಾತಿನಲ್ಲಿ ಕುಹಕವಿರಲಿಲ್ಲ. "ಸಾಮಿ, ನೀವು ಪರೀಕ್ಷೆ ಮಾಡ್ಸಿ. ಸರ್ಕಾರದೋರು ಚಪ್ಪೆ ಅಂದ್ರೆ ಚಪ್ಪೆ. ಇಲ್ಲಾಂದ್ರೆ ನಾವು ನ್ಯಾಯ ಮಾಡ್ಕತೀವಿ."

ಏಕಾಂತಯ್ಯ ಆಗಲಿ ಎಂದ. ಪರೀಕ್ಷೆಗೆ ಮಾಂಸ ತೆಗೆಯುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಈ ಕ್ರಿಮಿಗೆ ಗಾಳಿಯೇ ವೈರಿ. ಆದ್ದರಿಂದ ಮೇಲಿನ ಮಾಂಸ ಸರಿಸಿ, ಕಾಸಿದ ಚಾಕುವಿನಿಂದ ಆಳದ ಕಪ್ಪು ಭಾಗಕ್ಕೆ ಇಳಿಯಬೇಕು. ದಪ್ಪ ತುಂಡು ಕೊಯ್ದು, ಬೇಯಿಸಿದ ಮಾಂಸದ ಸಾರಿರುವ ಕೊಳವೆಯ ತಳಕ್ಕೆ ನೂಕಿ, ಮೇಲೆ ಎಣ್ಣೆ ಹುಯ್ದು ಗಾಳಿ ಮುಚ್ಚಬೇಕು. ಬಿಸಿಲು ಸೋಕದಂತೆ ಆ ದಿನವೇ ಹೆಬ್ಬಾಳದ ಲ್ಯಾಬಿಗೆ ಮುಟ್ಟಿಸಬೇಕು. ಇಲ್ಲದಿದ್ದರೆ ಮಾಂಸ ಕೊಳೆಸುವ ಬೇರೆ ಕ್ರಿಮಿಗಳು ನುಗ್ಗಿ, ಬೇಕಾದ್ದು ಅವುಗಳ ಮಧ್ಯೆ ಕಾಣದಂತಾಗಿಬಿಡುತ್ತದೆ.

ಸಾರಿನ ಕೊಳವೆ ಆಸ್ಪತ್ರೆಯಲ್ಲೇ ಉಳಿದಿತ್ತು. ಹಿಂದಕ್ಕೆ ಹೋಗಿ ತರಬಹುದಿತ್ತು. ಬಿಳಿ ಪ್ಯಾಂಟು ನೋಡಿಕೊಂಡ. ಆಳಕ್ಕೆ ಕೊಯ್ದರೆ ಆ ರಕ್ತ, ಆ ಹಳಸಿದ ಬೆಣ್ಣೆಯ ನಾತ ಕೈಗೆ ಹತ್ತಿದರೆ ಸೋಪಿಗೆ ಹೋಗುವುದಲ್ಲ. ಅಲ್ಲಿ ಮಡಿವಂತರ ಮನೆ, ಹೆಣ್ಣು ಕೈಯಲ್ಲಿ ಕಾಫಿ ಹಿಡಿದು ಎದುರಿಗೆ ಬರುತ್ತದೆ. ಏಕಾಂತಯ್ಯ ದೂರದಿಂದಲೇ ಕೈಚಾಚಿ, ಚರ್ಮ ಸೀಳಿ, ಮೇಲಿನ ಒಂದು ತೆಳ್ಳನೆಯ ತುಂಡು ಕತ್ತರಿಸಿದ. ಖಾಲಿ ಬಾಟಲಿಯ ತಳದಲ್ಲಿ ಅದು ಅಡಿಕೆ ಹೋಳಿನಂತೆ ಬಿದ್ದುಕೊಂಡಿತು. ಮೇಲೆಲ್ಲ ಬರೀ ಗಾಳಿ. ಬೆಂಡಿನ ಬಿರಡೆ ಒತ್ತಿ ಚೀಲಕ್ಕೆ ಹಾಕಿದ. ಕರುವನ್ನು ಸುಣ್ಣ ಹಾಕಿ ಹೂಳಿ ಎಂದು ಹೇಳಿ ಸೈಕಲ್ಲು ಹತ್ತಿದ.

ಬೇಲಿಯಾಚೆಯಿಂದ ಪಾಪಮ್ಮ ಎರಡೂ ಕೈ ಮುಗಿದಳು.

ರಾಜಾಜಿನಗರದಲ್ಲಿ ಹೆಣ್ಣಿನ ತಂದೆ ರೇವಣಸಿದ್ದಯ್ಯನವರು ಬಾಗಿಲಲ್ಲೇ ಕಾಯುತ್ತಿದ್ದರು. ಹುಡುಗಿ ಕಮಲಾಕ್ಷಿ ಕಾಫಿ ಕೊಟ್ಟಳು, ಕೇಳಿದ್ದಕ್ಕೆ ಉತ್ತರ ಕೊಟ್ಟಳು, ಒಂದು ಸಲ ತಲೆಯೆತ್ತಿ ನೇರವಾಗಿ ನೋಡಿದಳು. ಅಷ್ಟರಲ್ಲಿ ಏಕಾಂತಯ್ಯನ ಮನಸ್ಸು ಒಪ್ಪಿಹೋಯಿತು. ಊಟಕ್ಕೆ ಏಳಿ ಎಂದರು, ಎದ್ದ. ಪುರೋಹಿತರು ಬರುತ್ತಾರೆ, ತಿಥಿ ವಾರ ಕೇಳೋಣ ಇರಿ ಎಂದರು, ಇದ್ದ. ಹೊರಗೆ ಗೋಡೆಗೆ ಒರಗಿಸಿದ್ದ ಸೈಕಲ್ಲಿನ ಮೇಲೆ, ಬಾಟಲಿಯಿದ್ದ ಚೀಲದ ಮೇಲೆ ಮಧ್ಯಾಹ್ನದ ಬಿಸಿಲು ಪೂರ್ತಿ ಬೀಳುತ್ತಿತ್ತು. ಅದು ಅವನಿಗೆ ನೆನಪಿಗೆ ಬರಲೇ ಇಲ್ಲವೆಂದಲ್ಲ. ಎರಡು ಸಲ ನೆನಪಾಯಿತು. ಎರಡು ಸಲವೂ ಎದ್ದು ಹೊರಟರೆ ಇವರೇನಂದುಕೊಂಡಾರು ಎಂದು ಕೂತೇ ಇದ್ದ. ಬಾಟಲಿ ಹೆಬ್ಬಾಳಕ್ಕೆ ಹೋದದ್ದು ಮರುದಿನ, ಆಸ್ಪತ್ರೆಯ ಜವಾನನ ಕೈಯಲ್ಲಿ.

ನಾಲ್ಕಾರು ದಿನ ಕಳೆದು ಅವನೇ ಲ್ಯಾಬಿಗೆ ಹೋದ. ಅಲ್ಲಿ ಡಾಕ್ಟರಾಗಿದ್ದ ವೆಂಕಟೇಶ್ ಮದರಾಸಿನಲ್ಲಿ ಅವನ ಜೊತೆಗೇ ಓದಿದವನು.

"ಏನಯ್ಯ, ಆ ತುಂಡು ಪೂರ್ತಿ ಕೊಳೆತಿತ್ತಲ್ಲ," ಎಂದ ವೆಂಕಟೇಶ್. "ಗಾಳೀಲಿ ಬೆಳೆಯೋ ಕ್ರಿಮಿಗಳೇ ತುಂಬ್ಕೊಂಡಿದ್ವು. ಚಪ್ಪೇದು ಸಿಗಲಿಲ್ಲ. ಇತ್ತೋ ಇಲ್ವೋ ಅಂತ್ಲೂ ಹೇಳೋಕಾಗಲ್ಲ. ಇನ್ನೊಂದು ಕಳ್ಸು."

ಇನ್ನೊಂದನ್ನು ಎಲ್ಲಿಂದ ತರುವುದು? ಕರು ಮಣ್ಣು ಸೇರಿ ಎಷ್ಟು ದಿನವಾಗಿತ್ತು!

ಮೂಡಲಪಾಳ್ಯದವರು ಅವನನ್ನು ಹುಡುಕಿಕೊಂಡು ಆಸ್ಪತ್ರೆಗೇ ಬಂದರು. ಏನಾಯ್ತು ಸಾಮಿ ಎಂದು ಮುನಿಯಪ್ಪ ಕೇಳಿದ. ಏಕಾಂತಯ್ಯ ಔಷಧಿ ಸೀಸೆಯ ಮುಚ್ಚಳ ತಿರುಗಿಸುತ್ತಾ, ಅವನ ಮುಖ ನೋಡದೆ ಹೇಳಿದ:

"ಚಪ್ಪೆ ಕ್ರಿಮಿ ಸಿಗಲಿಲ್ಲವಂತೆ."

ಅಷ್ಟೇ. ಅದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ಆದರೆ ಬೈರಪ್ಪನ ಕಿವಿಗೆ ಬಿದ್ದದ್ದು ಬೇರೆಯೇ. ಚಪ್ಪೆಯಲ್ಲ ಎಂದರೆ ಏಟು. ಅವನು ಜೊತೆಗಿದ್ದವರ ಕಡೆ ತಿರುಗಿ, "ಕೇಳುಸ್ಕಂಡ್ರಾ?" ಎಂದ. ಏಕಾಂತಯ್ಯ ಬಾಯಿ ತೆರೆದ. ಸಿಗಲಿಲ್ಲ ಅಂದರೆ ಇರಲಿಲ್ಲ ಅಂತ ಅರ್ಥವಲ್ಲ ಎನ್ನಬೇಕು. ಹಾಗೆಂದರೆ, ಯಾಕೆ ಸಿಗಲಿಲ್ಲ ಎಂಬ ಪ್ರಶ್ನೆ ಬರುತ್ತದೆ. ತೆರೆದ ಬಾಯಿ ಮುಚ್ಚಿಕೊಂಡ. ಅವರು ಕೈಮುಗಿದು ಹೊರಟುಹೋದರು.

ಊರಿನ ನ್ಯಾಯ ಬೇಗ ಮುಗಿಯಿತು. ಹೋರಿಗರುವಿನ ಬದಲು ಪಾಪಮ್ಮ ತನ್ನ ಹಸು, ಕರು ಎರಡನ್ನೂ ಬೈರಪ್ಪನ ಕೊಟ್ಟಿಗೆಗೆ ಬಿಡಬೇಕು. ಬಿಟ್ಟಳು. ಮನೆಮನೆಗೆ ದಿನಾ ಹಾಲು ಹಾಕುವ ವರ್ತನೆ ನಿಂತಿತು. ನಾಟಿಗೆ, ಕಳೆಗೆ ಅವಳನ್ನು ಕರೆಯುವವರಿಲ್ಲವಾದರು. ರಾಜಾಜಿನಗರದಲ್ಲಿ ಕಟ್ಟುತ್ತಿದ್ದ ಮನೆಗಳಿಗೆ ಜಲ್ಲಿ ಹೊರಲು ಹೋಗತೊಡಗಿದಳು. ಇದೆಲ್ಲ ಏಕಾಂತಯ್ಯನಿಗೆ ಜವಾನನಿಂದ ತಿಳಿಯಿತು. ಚಪ್ಪೆ ಎಂದು ಖಚಿತವಾಗದ್ದರಿಂದ ಊರಿನ ದನಗಳಿಗೆ ಮೇಲಿನವರು ಲಸಿಕೆಯನ್ನೂ ಮಂಜೂರು ಮಾಡಲಿಲ್ಲ.

ಜ್ಯೇಷ್ಠದಲ್ಲಿ ಅವನ ಮದುವೆಯಾಯಿತು. ಮಾವನ ಮನೆಗೆ ಹೋಗುವಾಗ ಮೂಡಲಪಾಳ್ಯ ತಪ್ಪಿಸಿ ಸುತ್ತುದಾರಿ ಹಿಡಿಯುತ್ತಿದ್ದ. ಆದರೂ ಒಂದು ದಿನ ರಾಜಾಜಿನಗರದಲ್ಲೇ, ಅರ್ಧ ಎದ್ದ ಗೋಡೆಯೊಂದರ ಪಕ್ಕ, ತಲೆಯ ಮೇಲೆ ಮಂಕರಿ ಹೊತ್ತ ಪಾಪಮ್ಮ ಎದುರಾದಳು. ಬೈಯುತ್ತಾಳೆಂದುಕೊಂಡ. ಅವಳು ದಾರಿ ಬಿಟ್ಟು ಪಕ್ಕಕ್ಕೆ ನಿಂತು, "ಚೆಂದಾಗಿದೀರಾ ಡಾಕ್ಟ್ರೇ? ಮದ್ವೆ ಆಯ್ತಂತೆ," ಎಂದಳು. ಅವಳ ದೃಷ್ಟಿಯಲ್ಲಿ ಅವನು ತನ್ನ ಪರವಾಗಿ ಚಪ್ಪೆ ಎಂದ ಒಬ್ಬನೇ ಮನುಷ್ಯ. ಪರೀಕ್ಷೆ ಕೈಕೊಟ್ಟರೆ ಅವನೇನು ಮಾಡಿಯಾನು! ಅವಳ ಬೈಗುಳವಾದರೆ ಹೇಗೋ ತಡೆದುಕೊಳ್ಳುತ್ತಿದ್ದ.

ಭಾದ್ರಪದದಲ್ಲಿ ಮೂಡಲಪಾಳ್ಯದಿಂದ ಮತ್ತೆ ಆಳು ಬಂದ. ಬೈರಪ್ಪನ ಕೊಟ್ಟಿಗೆಯಲ್ಲಿ ಒಂದು ಹೆಣ್ಣುಗರು ಕುಂಟುತ್ತಿದೆ, ತೊಡೆ ಊದಿದೆ. ಏಕಾಂತಯ್ಯ ಪೆನಿಸಿಲಿನ್, ಸಾರಿನ ಕೊಳವೆ ಎರಡನ್ನೂ ತೆಗೆದುಕೊಂಡು ಓಡಿದ. ಅವನು ಮುಟ್ಟುವಷ್ಟರಲ್ಲಿ ಕರು ಹೋಗಿತ್ತು. ಅದು ಪಾಪಮ್ಮನ ಕರು. ಕಟ್ಟಿದ್ದ ತಾಯಿಹಸು ಹಗ್ಗ ಜಗ್ಗುತ್ತಾ ಕೂಗುತ್ತಿತ್ತು.

ಈ ಸಲ ಅವನು ಶರ್ಟು ಬಿಚ್ಚಿ ಗೂಟಕ್ಕೆ ಹಾಕಿದ. ಸಗಣಿಯಲ್ಲಿ ಮಂಡಿಯೂರಿ ಕೂತು, ಚಾಕುವನ್ನು ಕೆಂಡದಲ್ಲಿ ಕಾಸಿ, ಮೇಲಿನ ಮಾಂಸ ಸರಿಸಿ ಆಳಕ್ಕೆ ಇಳಿದ. ಕಪ್ಪಗೆ, ಒಣಗಿದಂತೆ, ಸಣ್ಣ ಗುಳ್ಳೆಗಳಿದ್ದ ಮಾಂಸ ಸಿಕ್ಕಿತು. ದಪ್ಪ ತುಂಡನ್ನು ಕೊಳವೆಯ ತಳಕ್ಕೆ ನೂಕಿ, ಎಣ್ಣೆ ಹುಯ್ದು, ಬೆಂಡಿನ ಸುತ್ತ ಮೇಣ ಬಳಿದ. ಒದ್ದೆ ಗೋಣಿಯಲ್ಲಿ ಸುತ್ತಿಕೊಂಡು, ಕೈ ಕೂಡ ಸರಿಯಾಗಿ ತೊಳೆಯದೆ, ತಾನೇ ಹೆಬ್ಬಾಳಕ್ಕೆ ಸೈಕಲ್ಲು ತುಳಿದ. ತುಳಿಯುತ್ತಾ ತುಳಿಯುತ್ತಾ ಅವನಿಗೆ ಕಾಣಿಸಿದ್ದು ಒಂದೇ: ಇದೇ ಕೈಗಳಿಗೆ ಇದೇ ಕೆಲಸ ವೈಶಾಖದಲ್ಲೂ ಬರುತ್ತಿತ್ತು.

ಮನೆಗೆ ಬಂದಾಗ ಕಮಲಾಕ್ಷಿ ಮೂಗು ಮುಚ್ಚಿಕೊಂಡಳು. ಆಮೇಲೆ ಏನೋ ನೆನಪಾಗಿ, "ನೀವು ನಮ್ಮನೆಗೆ ಮೊದಲನೇ ಸಲ ಬಂದ ದಿನಾನೂ ಇದೇ ವಾಸ್ನೆ ಕಣ್ರೀ," ಎಂದಳು. "ನಿಮ್ಮ ಸೈಕಲ್ ಚೀಲಾನ ನಾಯಿ ಮೂಸ್ತಾ ಇತ್ತು. ನಾನೇ ಓಡಿಸಿದ್ದೆ."

ಏಕಾಂತಯ್ಯ ಬಚ್ಚಲ ಕಟ್ಟೆಯ ಮೇಲೆ ಕೂತುಬಿಟ್ಟ. ಅಲ್ಲೇ ಎಲ್ಲವನ್ನೂ ಹೇಳಿದ. ಅವಳು ಕೇಳಿ ಮುಗಿಸಿ, ಒಲೆಗೆ ಸೌದೆ ನೂಕಿ ನೀರು ಕಾಯಲಿಟ್ಟಳು.

"ಅಂದ್ರೆ ನಾವು ತಿಥಿ ಕೇಳ್ತಾ ಕೂತಿದ್ದ ಹೊತ್ತಿಗೆ ಆ ಯಮ್ಮನ ಹಸು ಹೋಯ್ತು," ಎಂದಳು.

"ಹೂಂ."

"ಈಗ ಹೇಳಿದ್ರೆ ನಿಮ್ ಕೆಲ್ಸ ಹೋಗತ್ತಾ?"

"ಇಲ್ಲ. ಬೈಗುಳ ಬೀಳಬಹುದು."

"ಮತ್ತೆ?" ಎಂದು ಕೇಳಿ, ಅವಳು ಬಿಸಿನೀರಿನ ಚೆಂಬು ಅವನ ಮುಂದಿಟ್ಟು ಒಳಗೆ ಹೋದಳು.

ಎರಡು ದಿನ ಬಿಟ್ಟು ಲ್ಯಾಬಿನಲ್ಲಿ ವೆಂಕಟೇಶ್ ಕೊಳವೆಯನ್ನು ಬೆಳಕಿಗೆ ಹಿಡಿದು ತೋರಿಸಿದ. ಮಾಂಸ ನಸುಗೆಂಪಾಗಿತ್ತು, ಎಣ್ಣೆಯಡಿಯಲ್ಲಿ ಗುಳ್ಳೆ ಎದ್ದಿದ್ದವು. "ಚಪ್ಪೇನೇ. ಅನುಮಾನವೇ ಇಲ್ಲ. ಎಷ್ಟು ಚೆನ್ನಾಗಿ ತೆಗ್ದಿದೀಯ!" ಎಂದ. ಆ ಹೊಗಳಿಕೆ ಏಕಾಂತಯ್ಯನಿಗೆ ಚುಚ್ಚಿತು.

ಅಂದೇ ಸಂಜೆ ಅವನು ಮೂಡಲಪಾಳ್ಯಕ್ಕೆ ಹೋಗಿ, ಬೈರಪ್ಪನ ಕೊಟ್ಟಿಗೆಯ ಮುಂದೆ ಮುನಿಯಪ್ಪನನ್ನು, ನಾಲ್ಕು ಜನರನ್ನು ಸೇರಿಸಿದ. ಪಾಪಮ್ಮನಿಗೂ ಹೇಳಿಕಳಿಸಿದ. ಅವಳು ಆಗತಾನೆ ಕೆಲಸದಿಂದ ಬಂದಿದ್ದಳು. ಕೂದಲಲ್ಲಿ ಜಲ್ಲಿಯ ಧೂಳಿತ್ತು.

"ಈ ಕರು ಸತ್ತಿದ್ದು ಚಪ್ಪೆಯಿಂದ. ಪರೀಕ್ಷೇಲಿ ಸಿಕ್ಕಿದೆ," ಎಂದ.

"ಇದಕ್ಕೆ ಚಪ್ಪೆ ಇರ್ಬೋದು ಸಾಮಿ," ಎಂದ ಬೈರಪ್ಪ. "ಅದಕ್ಕಿರ್ಲಿಲ್ವಲ್ಲ. ನೀವೇ ಅಂದ್ರಿ."

"ಅದಕ್ಕೂ ಇತ್ತು. ಕೈಯಿಟ್ಟಾಗಲೇ ನನಗೆ ಗೊತ್ತಾಗಿತ್ತು. ಪರೀಕ್ಷೆಗೆ ಮಾಂಸ ತೆಗೆಯೋದನ್ನ ನಾನು ಸರಿಯಾಗಿ ಮಾಡ್ಲಿಲ್ಲ. ಬಟ್ಟೆ ಕೊಳೆಯಾಗತ್ತೆ ಅಂತ ಮೇಲ್ಮೇಲೆ ಕೊಯ್ದೆ. ಬಿಸಿಲಲ್ಲಿ ಬಿಟ್ಟೆ. ಕೊಳೆತುಹೋಯ್ತು. ಅದನ್ನ ನಿಮಗೆ ಹೇಳದೆ, ಸಿಗಲಿಲ್ಲ ಅಂದ್ಬಿಟ್ಟೆ. ಪಾಪಮ್ಮಂದು ತಪ್ಪಿಲ್ಲ."

ಮುನಿಯಪ್ಪ ಕೆಮ್ಮಿ, "ಹೋಗ್ಲಿ ಬುಡಿ ಸಾಮಿ. ಮನುಷ್ಯ ಅಂದ್ಮೇಲೆ ಆಯ್ತದೆ. ದೊಡ್ಡೋರು ನೀವು, ಬಂದು ಹೇಳುದ್ರಲ್ಲ," ಎಂದ. ಉಳಿದವರೂ ಹೌದೌದು ಎಂದು ತಲೆದೂಗಿದರು. ಏನನ್ನೂ ಕಳೆದುಕೊಳ್ಳದವರು ಎಷ್ಟು ಸಲೀಸಾಗಿ ಕ್ಷಮಿಸಿಬಿಟ್ಟರು ಎಂದು ಏಕಾಂತಯ್ಯನಿಗೆ ನಾಚಿಕೆಯಾಯಿತು. ಅವನು ಪಾಪಮ್ಮನ ಕಡೆ ನೋಡಿದ.

ಪಾಪಮ್ಮ ಅವನನ್ನೇ ನೋಡುತ್ತಿದ್ದಳು. "ಅವತ್ತು ನಿಮ್ಗೆ ಗೊತ್ತಿತ್ತಾ?" ಎಂದಳು.

"ಗೊತ್ತಿತ್ತು."

"ನಾನು ಕೈ ಮುಗ್ದೆ ನಿಮ್ಗೆ." ಅವಳ ಧ್ವನಿ ಏರಲಿಲ್ಲ. "ಮೊನ್ನೆ ಜಲ್ಲಿ ಹೊರೋ ಜಾಗದಾಗೂ ಮಾತಾಡ್ಸುದ್ನಲ್ಲ. ಅವಾಗ್ಲೂ ಗೊತ್ತಿತ್ತು."

ಅವನು ತಲೆ ತಗ್ಗಿಸಿದ. ತಪ್ಪಾಯಿತು ಎಂಬ ಮಾತು ಹೊರಟಿತೋ ಇಲ್ಲವೋ ಅವನಿಗೇ ಗೊತ್ತಾಗಲಿಲ್ಲ. ಅವಳು ಅದಕ್ಕೆ ಕಾಯದೆ ಕೊಟ್ಟಿಗೆಗೆ ನುಗ್ಗಿ ತನ್ನ ಹಸುವಿನ ಹಗ್ಗ ಬಿಚ್ಚಿದಳು. ಬೈರಪ್ಪ ಬೇಡವೆನ್ನಲಿಲ್ಲ, ದಾರಿ ಬಿಟ್ಟು ನಿಂತ. ಹಸು ಹೊಸ್ತಿಲಲ್ಲಿ ನಿಂತು ಹಿಂದಕ್ಕೆ ತಿರುಗಿ ಕರುವಿಗಾಗಿ ಕೂಗಿತು. ಅವಳು ಅದರ ಬೆನ್ನು ಸವರುತ್ತಾ, ಸವರುತ್ತಾ, ಮೆಲ್ಲಗೆ ಎಳೆದುಕೊಂಡು ಹೋದಳು.

ಏಕಾಂತಯ್ಯ ಮೇಲಧಿಕಾರಿಗಳಿಗೂ ವಿಷಯ ತಿಳಿಸಿದ. ಬೈಗುಳ ಬಿತ್ತು, ಬಡ್ತಿ ಒಂದು ವರ್ಷ ಮುಂದೆ ಹೋಯಿತು. ಲಸಿಕೆ ಮಂಜೂರಾಯಿತು. ಬೈರಪ್ಪ ತಾನೇ ಹೋಗಿ ಪಾಪಮ್ಮನ ಮಡಿಗೆ ಬೇಲಿ ಕಟ್ಟಿಕೊಟ್ಟನಂತೆ. ಅವಳು ನೀರು ಬೇಕಾ ಎಂದೂ ಕೇಳಲಿಲ್ಲವಂತೆ. ಕರು ಕಳೆದುಕೊಂಡ ಹಸು ಹಾಲು ಇಳಿಸಲಿಲ್ಲ. ಮತ್ತೆ ಈಯುವ ತನಕ ಅವಳು ಜಲ್ಲಿ ಹೊತ್ತಳು.

ಮುಂದಿನ ವರ್ಷ ಮಳೆಗೆ ಮುಂಚೆ ಏಕಾಂತಯ್ಯ ಸೂಜಿ, ಲಸಿಕೆ ತೆಗೆದುಕೊಂಡು ಮೂಡಲಪಾಳ್ಯಕ್ಕೆ ಹೋದ. ಊರವರೆಲ್ಲ ತಮ್ಮ ತಮ್ಮ ಪಡ್ಡೆ, ಹೋರಿ ಹಿಡಿದು ನಿಂತರು. ಬೈರಪ್ಪ ಎಲ್ಲರಿಗೂ ಎಳನೀರು ಕೊಡಿಸಿದ. ಪಾಪಮ್ಮ ಬಂದಿರಲಿಲ್ಲ. ಅವಳಿಗೆ ಹೇಳಿಕಳಿಸಲು ಅವನಿಗೆ ಧೈರ್ಯವಾಗಲಿಲ್ಲ. ನಾನೇ ಹೋಗಲೇ, ಅವಳು ಬಾಗಿಲು ಹಾಕಿಕೊಂಡರೆ ಎಂದುಕೊಳ್ಳುತ್ತಾ ಸೂಜಿ ಕುದಿಸುತ್ತಿದ್ದಾಗ, ಅವಳು ಓಣಿಯ ತಿರುವಿನಲ್ಲಿ ಕಾಣಿಸಿಕೊಂಡಳು. ಜೊತೆಯಲ್ಲಿ, ಯಾರಿಂದಲೋ ಪಾಲಿಗೆ ಸಾಕಲು ತಂದಿದ್ದ ಒಂದು ಕೆಂದ ಪಡ್ಡೆ.

ಅವನು ಚರ್ಮ ಎತ್ತಿ ಹಿಡಿದು ಸೂಜಿ ಚುಚ್ಚುವಾಗ, ಅವಳು ಪಡ್ಡೆಯ ಕತ್ತನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಅಪ್ಪಿಕೊಂಡಿದ್ದಳು. ಅವಳ ಕಣ್ಣು ಅವನ ಮುಖದ ಮೇಲಿರಲಿಲ್ಲ, ಕೈಗಳ ಮೇಲಿತ್ತು. ಔಷಧಿ ಪೂರ್ತಿ ಒಳಗೆ ಹೋಗುವ ತನಕ ಆ ಕೈಗಳನ್ನು ಬಿಡದೆ ನೋಡಿದಳು. ಆಮೇಲೆ ಪಡ್ಡೆಯನ್ನು ತಿರುಗಿಸಿಕೊಂಡು ಮನೆಯ ಕಡೆ ನಡೆದಳು. ಏಕಾಂತಯ್ಯ ಸೂಜಿಯನ್ನು ಮತ್ತೆ ಕುದಿಯುವ ನೀರಿಗೆ ಹಾಕಿ, ಮುಂದಿನವರನ್ನು ಕರೆದ.